ಹತ್ತನೆಯ ರಾತ್ರಿಯನ್ನು ಇನ್ನೊಮ್ಮೆ ಬರೆ: ಮಗಳಿಗೊಂದು ಪತ್ರ

ದಾವಣಗೆರೆ
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಕಥೆಯನ್ನು ಪೂರ್ತಿ ಓದಿದೆ. "ಚೆನ್ನಾಗಿದೆ ಅಂತಷ್ಟೇ ಹೇಳಬೇಡಮ್ಮ, ಎಲ್ಲಿ ನಂಬೋಕಾಗಲ್ಲ ಅದನ್ನ ಹೇಳು" ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ ಉದ್ದ ಆಗುತ್ತದೆ. ಫೋನಿನಲ್ಲಿ ಹೇಳಿದರೆ ನಡುನಡುವೆ ವಾದಕ್ಕೆ ನಿಲ್ಲುತ್ತೀಯ. ಪೂರ್ತಿ ಓದು, ಆಮೇಲೆ ಎಷ್ಟು ಬೇಕಾದರೂ ವಾದ ಮಾಡು.

ಆಟವನ್ನು ನಮ್ಮೂರಿನ ಮುಚ್ಚಿದ ಹತ್ತಿ ಗಿರಣಿಯ ಗೋದಾಮಿನಲ್ಲಿ ಇಟ್ಟಿದ್ದು ನನಗೆ ಬಹಳ ಹಿಡಿಸಿತು. ಗಿರಣಿಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ಇದು. ಗಿರಣಿಗಳು ನಿಂತಾಗ ಎಷ್ಟು ಮನೆಗಳು ಸಾಲಕ್ಕೆ ಬಿದ್ದವು ಅನ್ನೋದು ಇಲ್ಲಿನ ಹಿರಿಯರಿಗೆ ಗೊತ್ತು. ಹಾಗಾಗಿ ಸಾಲ ತೀರಿಸಲಾಗದ ಆರು ಜನ ಅಲ್ಲಿ ಬಂದು ಕೂರುತ್ತಾರೆ ಅಂದರೆ ನಾನು ನಂಬುತ್ತೇನೆ. ನರ್ಸ್, ಲಾರಿ ಡ್ರೈವರ್, ಚನ್ನಗಿರಿಯ ಅಡಿಕೆ ವ್ಯಾಪಾರಿ, ರಿಟೈರ್ ಆದ ಪೊಲೀಸ್, ಕಾಲೇಜು ಹುಡುಗ, ಮತ್ತೆ ನಿನ್ನ ನಾಯಕಿ. ಒಬ್ಬೊಬ್ಬರ ಮಾತೂ ಬೇರೆ ಬೇರೆ ಕೇಳಿಸುತ್ತದೆ.

ನಿಯಮವೂ ಸರಳವಾಗಿದೆ. ಹತ್ತು ರಾತ್ರಿ. ಪ್ರತಿ ರಾತ್ರಿ ಒಬ್ಬೊಬ್ಬರೂ ಉಳಿದ ಐದು ಜನರ ಜೊತೆ ಮುಚ್ಚಿದ ಚೀಲ ಅದಲು ಬದಲು ಮಾಡಬೇಕು. ಚೀಲದಲ್ಲಿ ಚಿನ್ನ ಇರಬಹುದು, ಕಲ್ಲು ಇರಬಹುದು. ಇಬ್ಬರೂ ಚಿನ್ನ ಕೊಟ್ಟರೆ ಇಬ್ಬರಿಗೂ 3 ಅಂಕ. ಇಬ್ಬರೂ ಕಲ್ಲು ಕೊಟ್ಟರೆ ಒಂದೊಂದು ಅಂಕ. ಒಬ್ಬರು ಚಿನ್ನ, ಒಬ್ಬರು ಕಲ್ಲು ಆದರೆ ಕಲ್ಲು ಕೊಟ್ಟವರಿಗೆ 5, ಚಿನ್ನ ಕೊಟ್ಟವರಿಗೆ ಸೊನ್ನೆ. ಕೊನೆಗೆ ಎಲ್ಲರಿಗಿಂತ ಮೇಲಿದ್ದವರ ಸಾಲ ಮನ್ನಾ, ಉಳಿದವರ ಸಾಲ ಎರಡು ಪಟ್ಟು.

ನಿನ್ನ ನಾಯಕಿ ಹತ್ತು ರಾತ್ರಿಯೂ ಎಲ್ಲರಿಗೂ ಒಂದೊಂದು ಸುಳ್ಳು ಹೇಳಿ, ಎಲ್ಲರಿಗೂ ಕಲ್ಲು ಕೊಟ್ಟು ಗೆಲ್ಲುತ್ತಾಳೆ. ಇಲ್ಲಿ ನನಗೆ ನಂಬಿಕೆ ಬರಲಿಲ್ಲ. ಅವಳು ಮಾಡಿದ್ದು ತಪ್ಪು ಅಂತ ಹೇಳುತ್ತಿಲ್ಲ. ಲೆಕ್ಕ ಕೂಡಲ್ಲ ಅಂತ ಹೇಳುತ್ತಿದ್ದೇನೆ.

ನೋಡು. ಉಳಿದ ಐವರೂ ಒಂದೇ ಒಂದು ಪಾಠ ಕಲಿತವರು ಅಂತ ಇಟ್ಟುಕೋ: ಮೊದಲ ರಾತ್ರಿ ಚಿನ್ನ ಕೊಡೋದು, ಆಮೇಲೆ ಎದುರಿನವರು ಹಿಂದಿನ ರಾತ್ರಿ ಏನು ಕೊಟ್ಟರೋ ಅದನ್ನೇ ಕೊಡೋದು. ನಾಯಕಿ ಮೊದಲ ರಾತ್ರಿ ಒಬ್ಬೊಬ್ಬರಿಂದ 5 ಅಂಕ ಹೊಡೆಯುತ್ತಾಳೆ. ಮಾರನೆಯ ದಿನದಿಂದ ಕಲ್ಲಿಗೆ ಕಲ್ಲು, ಒಂದೇ ಅಂಕ. ಒಬ್ಬೊಬ್ಬರಿಂದ 14, ಐವರಿಂದ 70. ಅವಳ ಎದುರು ಅವರಿಗೆ ಸಿಕ್ಕಿದ್ದು ಬರೀ 9. ಅಂದರೆ ಮುಖಾಮುಖಿ ಅವಳು ಎಲ್ಲರನ್ನೂ ಸೋಲಿಸಿದ್ದಾಳೆ. ಆದರೆ ಆ ಐವರು ತಮ್ಮತಮ್ಮಲ್ಲಿ ಪ್ರತಿ ರಾತ್ರಿ ಚಿನ್ನ ಕೊಟ್ಟುಕೊಂಡಿದ್ದಾರಲ್ಲ? ಒಬ್ಬೊಬ್ಬರಿಗೆ ನಾಲ್ಕು ಮೂವತ್ತಲ 120, ಅದಕ್ಕೆ ಒಂಬತ್ತು ಸೇರಿಸಿದರೆ 129. ಎಲ್ಲರನ್ನೂ ಸೋಲಿಸಿದವಳು ಕೊನೆಯ ಸ್ಥಾನದಲ್ಲಿ ನಿಂತಳು.

ಇದು ನಾನು ಕಟ್ಟಿದ ಲೆಕ್ಕ ಅಲ್ಲ. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್, ಮೆಲ್ವಿನ್ ಡ್ರೆಷರ್ ಅನ್ನೋ ಇಬ್ಬರು ಇಂಥ ಆಟ ಕಟ್ಟಿದರು. ಆಲ್ಬರ್ಟ್ ಟಕರ್ ಅನ್ನೋ ಗಣಿತದ ಮೇಷ್ಟ್ರು ಅದಕ್ಕೆ ಇಬ್ಬರು ಕೈದಿಗಳ ಕಥೆ ಜೋಡಿಸಿದರು. ಸುಮಾರು ಮೂವತ್ತು ವರ್ಷ ಆದ ಮೇಲೆ ರಾಬರ್ಟ್ ಆಕ್ಸೆಲ್‌ರಾಡ್ ಅನ್ನುವವರು ಜಗತ್ತಿನ ಜಾಣರಿಗೆಲ್ಲ ಹೇಳಿ ಕಳಿಸಿದರು, ಈ ಆಟ ಆಡುವ ಕಂಪ್ಯೂಟರ್ ಪ್ರೋಗ್ರಾಂ ಬರೆದು ಕೊಡಿ, ಎಲ್ಲವನ್ನೂ ಒಂದಕ್ಕೊಂದು ಎದುರು ಬಿಡೋಣ ಅಂತ. ಹದಿನಾಲ್ಕು ಬಂದವು. ಕೆಲವು ಬಹಳ ಕುತಂತ್ರದವು, ಸಮಯ ನೋಡಿ ಮೋಸ ಮಾಡುವವು. ಗೆದ್ದದ್ದು ಎಲ್ಲಕ್ಕಿಂತ ಚಿಕ್ಕದು, ಅನಾತೊಲ್ ರಾಪೊಪೋರ್ಟ್ ಕಳಿಸಿದ 'ಟಿಟ್ ಫಾರ್ ಟ್ಯಾಟ್'. ನಾನು ಮೇಲೆ ಹೇಳಿದ ಪಾಠ ಅದೇ. ಗುಟ್ಟು ಗೊತ್ತಾದ ಮೇಲೆ ಎರಡನೆಯ ಸಲ ಆರು ದೇಶಗಳಿಂದ 62 ಬಂದವು. ಆಗಲೂ ಅದೇ ಗೆದ್ದಿತು. ನನಗೆ ಯಾವಾಗ ನೆನೆಸಿಕೊಂಡರೂ ಖುಷಿ ಕೊಡುವ ವಿಷಯ ಅಂದರೆ, ಆ ಪ್ರೋಗ್ರಾಂ ಯಾರ ಎದುರೂ ಒಂದು ಅಂಕವನ್ನೂ ಜಾಸ್ತಿ ಪಡೆಯಲಾರದು. ಸಮ ಆಗಬಹುದು, ಇಲ್ಲ ಸ್ವಲ್ಪ ಸೋಲಬಹುದು. ಯಾರನ್ನೂ ಸೋಲಿಸದೆ ಇಡೀ ಪಂದ್ಯ ಗೆದ್ದಿತು.

"ಅಮ್ಮಾ, ಗೋದಾಮಿನಲ್ಲಿ ಐದು ಜನ ಒಳ್ಳೆಯವರು ಎಲ್ಲಿ ಸಿಗ್ತಾರೆ" ಅಂತ ನೀನು ಕೇಳೇ ಕೇಳುತ್ತೀಯ. ಐದು ಬೇಡ ಕಣವ್ವ, ಇಬ್ಬರು ಸಾಕು. ನಾಲ್ಕು ಜನ ಹತ್ತೂ ರಾತ್ರಿ ಕಲ್ಲೇ ಕೊಡುವವರು. ನಿನ್ನ ನಾಯಕಿ, ನರ್ಸ್ ಇಬ್ಬರು ಮಾತ್ರ ಕೊಟ್ಟಂತೆ ಕೊಡುವವರು. ಆಗ ಇವರಿಬ್ಬರ ನಡುವೆ ತಲಾ 30, ಉಳಿದ ನಾಲ್ವರಿಂದ ಒಂಬತ್ತೊಂಬತ್ತು, ಒಟ್ಟು 66. ಮೋಸಗಾರರಿಗೆ ಇವರಿಬ್ಬರಿಂದ 28, ತಮ್ಮತಮ್ಮಲ್ಲಿ ಕಲ್ಲು ಬದಲಿಸಿಕೊಂಡು 30, ಒಟ್ಟು 58. ಒಬ್ಬಳೇ ಆಗಿದ್ದರೆ? 45. ಮೋಸಗಾರರಿಗೆ 54. ಒಂಟಿ ಆದರೆ ಎಲ್ಲರಿಗಿಂತ ಕೆಳಗೆ, ಜೊತೆಗೆ ಒಬ್ಬರು ಸಿಕ್ಕರೆ ಎಲ್ಲರಿಗಿಂತ ಮೇಲೆ. ಕಾಗದ ಪೆನ್ನು ತಗೊಂಡು ನೀನೇ ಕೂಡಿ ನೋಡು.

ಹಾಗಾಗಿ ನಿನ್ನ ನಾಯಕಿಯ ನಿಜವಾದ ಕೆಲಸ ಮೊದಲ ರಾತ್ರಿ ಐವರಿಗೆ ಸುಳ್ಳು ಹೇಳೋದಲ್ಲ. ಆ ಐವರಲ್ಲಿ ತನ್ನ ಜೊತೆ ನಿಲ್ಲುವ ಒಬ್ಬರನ್ನು ಹುಡುಕೋದು. ಅದು ಸುಳ್ಳಿಗಿಂತ ಕಷ್ಟದ ಕೆಲಸ. ಅಲ್ಲಿ ಎಲ್ಲರೂ "ನನ್ನನ್ನು ನಂಬು" ಅಂತಲೇ ಹೇಳುತ್ತಾರೆ. ಮೋಸ ಮಾಡುವವನೂ ಅದನ್ನೇ ಹೇಳುತ್ತಾನೆ. ಮಾತಿಗೆ ಬೆಲೆಯೇ ಇಲ್ಲದ ಜಾಗದಲ್ಲಿ ತನ್ನ ಮಾತನ್ನು ನಂಬಿಸೋದು ಹೇಗೆ? ನಿನ್ನ ಕಥೆ ಈ ಪ್ರಶ್ನೆಯ ಸುತ್ತ ತಿರುಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನೀನು ಇದಕ್ಕೆ ಸುಲಭದ ದಾರಿ ಹಿಡಿದಿದ್ದೀಯ. ನಾಯಕಿಗೆ ಕಣ್ಣು ನೋಡಿ ಸುಳ್ಳು ಹಿಡಿಯುವ ಶಕ್ತಿ ಕೊಟ್ಟಿದ್ದೀಯ. ಡ್ರೈವರ್ ರೆಪ್ಪೆ ಬಡಿದ, ವ್ಯಾಪಾರಿ ಮೂಗು ಸವರಿಕೊಂಡ, ಇವಳಿಗೆ ಗೊತ್ತಾಯಿತು. ಇದನ್ನು ದಯವಿಟ್ಟು ತೆಗೆ. ಜನ ಬೇರೆಯವರ ಸುಳ್ಳನ್ನು ಎಷ್ಟು ಹಿಡಿಯುತ್ತಾರೆ ಅಂತ ನೂರಾರು ಪ್ರಯೋಗ ಆಗಿವೆ. ಚಾರ್ಲ್ಸ್ ಬಾಂಡ್, ಬೆಲ್ಲಾ ಡಿಪೌಲೊ ಅನ್ನುವವರು 2006ರಲ್ಲಿ ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ನೂರಕ್ಕೆ 54 ಸಲ ಸರಿ. ಸುಮ್ನೆ ನಾಣ್ಯ ಚಿಮ್ಮಿ ಹೇಳಿದರೂ ಐವತ್ತು ಸರಿಯಾಗುತ್ತದೆ. ಹೆದರಿದವರೂ ರೆಪ್ಪೆ ಬಡಿಯುತ್ತಾರೆ, ನಿದ್ದೆಗೆಟ್ಟವರೂ ಬಡಿಯುತ್ತಾರೆ. ಸಾಲದಲ್ಲಿ ಮುಳುಗಿ ಗೋದಾಮಿನಲ್ಲಿ ಕೂತವರು ಎರಡೂ ಆಗಿರುತ್ತಾರೆ.

ಕಣ್ಣಿನ ಬದಲು ಕೈಗೆ ಕೆಲಸ ಕೊಡು. ಯಾರೋ ಒಬ್ಬರು ಒಳಗಿನ ಮಾತನ್ನು ಆಟ ನಡೆಸುವವರಿಗೆ ಮುಟ್ಟಿಸುತ್ತಿದ್ದಾರೆ ಅಂತ ನಾಯಕಿಗೆ ಅನುಮಾನ ಬರುತ್ತದಲ್ಲ, ಅಲ್ಲಿ ಅವಳು ಒಬ್ಬೊಬ್ಬರಿಗೂ ಒಂದೊಂದು ಬೇರೆ ಗುಟ್ಟು ಹೇಳಲಿ. ಡ್ರೈವರಿಗೆ "ನನ್ನ ಚಿನ್ನ ಮೆಟ್ಟಿಲ ಕೆಳಗಿದೆ", ಪೊಲೀಸಿಗೆ "ಕಿಟಕಿ ಹತ್ತಿರ ಇದೆ", ಹೀಗೆ. ರಾತ್ರಿ ಕಾವಲುಗಾರರು ಬಂದು ಎಲ್ಲಿ ಹುಡುಕುತ್ತಾರೋ ಅಲ್ಲಿಗೆ ಉತ್ತರ ಸಿಕ್ಕಿತು. ಮುಖ ನೋಡುವ ಅಗತ್ಯವೇ ಇಲ್ಲ.

ಇನ್ನೊಂದು ವಿಷಯ, ಆರೂ ಜನರನ್ನು ಹಗಲು ಒಂದೇ ಊಟದ ಕೋಣೆಯಲ್ಲಿ ಕೂರಿಸಿದ್ದೀಯ. ಹಾಗಿದ್ದರೆ ನಿನ್ನೆ ರಾತ್ರಿ ಯಾರು ಯಾರಿಗೆ ಕಲ್ಲು ಕೊಟ್ಟರು ಅನ್ನೋದು ತಿಂಡಿ ಹೊತ್ತಿಗೇ ಎಲ್ಲರ ಬಾಯಲ್ಲಿ ಇರುತ್ತದೆ. ಒಂದೇ ಸುಳ್ಳನ್ನು ಐದು ಜನರಿಗೆ ಮಾರೋಕೆ ಆಗಲ್ಲ. ನಿನ್ನನ್ನು ದುರ್ಗದ ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ ಓಬವ್ವನ ಕಿಂಡಿಯ ಹತ್ತಿರ ನಿಂತು ನಾನು ಒಂದು ಮಾತು ಹೇಳುತ್ತಿದ್ದೆ, ನೆನಪಿದೆಯಾ? ಎಲ್ಲರೂ ಒನಕೆಯ ಬಗ್ಗೆ, ಅವಳ ಎದೆಗಾರಿಕೆ ಬಗ್ಗೆ ಹೇಳುತ್ತಾರೆ. ಅದು ಇದ್ದೇ ಇದೆ. ಆದರೆ ಅವಳು ಒಬ್ಬೊಬ್ಬ ಸಿಪಾಯಿ ಬಿದ್ದ ಹಾಗೆಲ್ಲ ಹೆಣವನ್ನು ಪಕ್ಕಕ್ಕೆ ಎಳೆದು ಹಾಕಿದಳು. ಹೈದರಾಲಿಯ ಕಡೆಯ ಮುಂದಿನವನು ಒಳಗೆ ತೂರಿದಾಗ ಅವನಿಗೆ ಏನೂ ಕಾಣಲಿಲ್ಲ. ತನಗಿಂತ ಮೊದಲು ಒಳಗೆ ಹೋದವನು ಕೂಗಲಿಲ್ಲ, ಅಂದರೆ ದಾರಿ ಸರಿಯಾಗಿದೆ ಅಂದುಕೊಂಡ. ಹೊರಗೆ ಅಷ್ಟು ಜನ ಇದ್ದರೂ ಒಳಗಿನ ಸುದ್ದಿ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಸಾಲಾಗಿ ಬಂದವರನ್ನು ಆ ಮೌನವೇ ಒಳಗೆ ಕರೆಯಿತು.

ನಿನ್ನ ಆಟ ನಡೆಸುವವರು ಜಾಣರಾಗಿದ್ದರೆ ಇದನ್ನೇ ಮಾಡುತ್ತಾರೆ. ಆರು ಜನರನ್ನು ಆರು ಕೋಣೆಯಲ್ಲಿ ಇಡುತ್ತಾರೆ. ಒಬ್ಬರಿಗೆ ಆದ ಮೋಸ ಇನ್ನೊಬ್ಬರಿಗೆ ಗೊತ್ತಾಗಬಾರದು. ಆಗ ಮೊದಲ ಮೂರು ರಾತ್ರಿ ನಿನ್ನ ನಾಯಕಿಯ ಸುಳ್ಳುಗಳು ನಡೆಯುತ್ತವೆ, ನಾನೂ ನಂಬುತ್ತೇನೆ. ನಾಲ್ಕನೆಯ ರಾತ್ರಿ ನರ್ಸ್ ಹೇಗಾದರೂ ಮಾಡಿ ಪಕ್ಕದ ಕೋಣೆಗೆ ಸುದ್ದಿ ಕಳಿಸಲಿ. ಬದಲಾಗುವ ಚೀಲಗಳೇ ಇವೆಯಲ್ಲ, ಅದರ ದಾರಕ್ಕೆ ಹಾಕುವ ಗಂಟಿನಲ್ಲೇ ಕಳಿಸಬಹುದು. ಒಂದು ಗಂಟು ಅಂದರೆ ಚಿನ್ನ ಕೊಟ್ಟಳು, ಎರಡು ಅಂದರೆ ಕಲ್ಲು. ತಂಡ ಅನ್ನೋದು ಹುಟ್ಟುವ ಗಳಿಗೆ ಅದು.

ಇದು ಓದುವಾಗ ನಿನಗೆ ನಿಮ್ಮ ಅಜ್ಜನ ನೆನಪು ಬರಬಹುದು. ದನದ ಜಾತ್ರೆಯಲ್ಲಿ ಟವೆಲ್ ಅಡಿಯಲ್ಲಿ ಕೈ ಹಿಡಿದು ಬೆರಳಲ್ಲೇ ರೇಟು ಹೇಳುತ್ತಿದ್ದದ್ದನ್ನು ಅಜ್ಜ ನಿನಗೆ ಮಾಡಿ ತೋರಿಸುತ್ತಿದ್ದರು. ಸುತ್ತ ನಿಂತ ಜನರಿಗೆ ಬೆಲೆ ಗೊತ್ತಾಗಲ್ಲ. ಕೈ ಹಿಡಿದ ಇಬ್ಬರಿಗೆ ಮಾತ್ರ ಗೊತ್ತು, ಆ ಬೆರಳು ಸುಳ್ಳು ಹೇಳಲ್ಲ. ಮುಚ್ಚಿಡೋದು ಬೇರೆ, ಸುಳ್ಳು ಹೇಳೋದು ಬೇರೆ. ನಿನ್ನ ನಾಯಕಿ ಎರಡನ್ನೂ ಒಂದೇ ಅಂತ ತಿಳಿದಿದ್ದಾಳೆ. ಎದುರಾಳಿಯಿಂದ ಮುಚ್ಚಿಡು, ಜೊತೆಗಾರರಿಗೆ ಸುಳ್ಳು ಹೇಳಬೇಡ. ಇಷ್ಟು ಅವಳಿಗೆ ಗೊತ್ತಾದರೆ ಅವಳ ಮಾತಿನ ಧಾಟಿಯೇ ಬದಲಾಗುತ್ತದೆ.

ಈಗ ಹತ್ತನೆಯ ರಾತ್ರಿ. ನಿನ್ನ ಕಥೆಯಲ್ಲಿ ಅದು ಎರಡು ಪುಟದಲ್ಲಿ ಮುಗಿದುಹೋಗಿದೆ. ನನ್ನ ಪ್ರಕಾರ ಅರ್ಧ ಕಥೆ ಅಲ್ಲೇ ಇದೆ.

ಅಜ್ಜ ಮಂಡಿಯಲ್ಲಿ ಅಷ್ಟು ವರ್ಷ ಬರೀ ಮಾತಿನ ಮೇಲೆ ವ್ಯಾಪಾರ ಮಾಡಿದರು. ಮೆಕ್ಕೆಜೋಳದ ಈ ಸುಗ್ಗಿ ಮುಗಿದರೆ ಮುಂದಿನ ಸುಗ್ಗಿ ಬರುತ್ತದೆ, ಅದೇ ರೈತ ಅದೇ ಗಾಡಿಯಲ್ಲಿ ಬರುತ್ತಾನೆ. ಇವತ್ತು ತೂಕದಲ್ಲಿ ಮೋಸ ಮಾಡಿದರೆ ನಾಳೆ ಪಕ್ಕದ ಮಂಡಿಗೆ ಹೋಗುತ್ತಾನೆ. ನಾಳೆ ಇದೆ ಅನ್ನೋದೇ ಅಲ್ಲಿ ಎಲ್ಲರನ್ನೂ ನೆಟ್ಟಗೆ ಇಡುತ್ತದೆ. ನಿನ್ನ ಗೋದಾಮಿನಲ್ಲಿ ಹತ್ತನೆಯ ರಾತ್ರಿಗೆ ನಾಳೆ ಇಲ್ಲ. ಕಲ್ಲು ಕೊಟ್ಟರೆ ಸೇಡು ತೀರಿಸಿಕೊಳ್ಳೋಕೆ ಯಾರಿಗೂ ಹನ್ನೊಂದನೆಯ ರಾತ್ರಿ ಸಿಗಲ್ಲ. ಅಷ್ಟೇ ಅಲ್ಲ, ಹತ್ತರಲ್ಲಿ ಎಲ್ಲರೂ ಮೋಸ ಮಾಡುತ್ತಾರೆ ಅಂತ ಗೊತ್ತಿದ್ದರೆ ಒಂಬತ್ತರಲ್ಲಿ ಯಾಕೆ ಚಿನ್ನ ಕೊಡಬೇಕು? ಆಮೇಲೆ ಎಂಟರಲ್ಲಿ? ಹೀಗೆ ಕೊನೆಯಿಂದ ಹಿಡಿದು ಮೊದಲ ರಾತ್ರಿಯವರೆಗೂ ಬಿಚ್ಚಿಕೊಂಡು ಬರುತ್ತದೆ. ಆಕ್ಸೆಲ್‌ರಾಡ್ ಎರಡನೆಯ ಪಂದ್ಯದಲ್ಲಿ ಆಟ ಯಾವಾಗ ಮುಗಿಯುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಾಗದ ಹಾಗೆ ಮಾಡಿದರು, ಇದೇ ಕಾರಣಕ್ಕೆ. ನಿನ್ನ ಆಟ ನಡೆಸುವವರು "ಸರಿಯಾಗಿ ಹತ್ತೇ ರಾತ್ರಿ" ಅಂತ ಮೊದಲ ದಿನವೇ ಹೇಳುತ್ತಾರಲ್ಲ, ಅವರು ಹಾಕಿದ ದೊಡ್ಡ ಬಲೆ ಅದು. ನೀನು ಗೊತ್ತಿದ್ದು ಬರೆದೆಯೋ ಗೊತ್ತಿಲ್ಲದೆ ಬರೆದೆಯೋ, ಅದನ್ನು ಬಿಡಬೇಡ.

ನಾಯಕಿ, ನರ್ಸ್ ಇಬ್ಬರೂ ಅಲ್ಲಿಗೆ ಬಂದಿದ್ದಾರೆ ಅಂದುಕೋ. ಇಬ್ಬರೂ ಚಿನ್ನ ಕೊಟ್ಟರೆ 66, 66. ಒಬ್ಬಳು ಕಲ್ಲು ಕೊಟ್ಟರೆ ಅವಳಿಗೆ 68, ಇನ್ನೊಬ್ಬಳಿಗೆ 63. ಮೋಸಗಾರರು 58ರಲ್ಲೇ ಇದ್ದಾರೆ. ಹೆದರಿಕೆ ಈಗ ಅವರದ್ದಲ್ಲ, ಜೊತೆಗಾತಿಯದ್ದು. ಒಂಬತ್ತು ರಾತ್ರಿ ಜೊತೆಗಿದ್ದವಳು ಹತ್ತನೆಯ ರಾತ್ರಿಯೂ ಜೊತೆಗಿರುತ್ತಾಳಾ?

ಇಲ್ಲಿ ಆಣೆ ಭಾಷೆ ಸಾಲದು. ಕಳೆದುಕೊಳ್ಳುವಂಥದ್ದೇನನ್ನಾದರೂ ಇನ್ನೊಬ್ಬಳ ಕೈಯಲ್ಲಿ ಇಡಬೇಕು. ನಿನ್ನ ನಾಯಕಿ ಸುಳ್ಳು ಹೆಸರಿನಲ್ಲಿ ಬಂದವಳು ಅಂತ ಮೂರನೆಯ ಅಧ್ಯಾಯದಲ್ಲೇ ಬರೆದಿದ್ದೀಯ. ಆಟ ನಡೆಸುವವರಿಗೆ ಗೊತ್ತಾದರೆ ಅವಳ ಕಥೆ ಮುಗಿಯಿತು. ಆ ನಿಜವಾದ ಹೆಸರನ್ನು ಅವಳು ನರ್ಸಿಗೆ ಹೇಳಲಿ. ನನ್ನನ್ನು ಹಾಳು ಮಾಡುವ ಬೀಗದ ಕೈ ಇದು, ಇಟ್ಟುಕೋ. ನಂಬಿಕೆ ಕೇಳುವವಳು ಮೊದಲು ತಾನೇ ಅಪಾಯಕ್ಕೆ ಸಿಕ್ಕಿಕೊಳ್ಳಬೇಕು. ನನಗೆ ಈ ದೃಶ್ಯ ಓದಬೇಕು ಅಂತ ಈಗಲೇ ಆಸೆ ಆಗುತ್ತಿದೆ.

ಇನ್ನೊಂದು ದಾರಿಯೂ ಇದೆ, ಇದು ನಿಜವಾಗಿ ನಡೆದದ್ದು. ಬ್ರಿಟನ್ನಿನ ಟಿ.ವಿ.ಯಲ್ಲಿ ಹೀಗೇ ಒಂದು ಆಟ ಬರುತ್ತಿತ್ತು. ಇಬ್ಬರೂ 'ಹಂಚಿಕೊಳ್ಳೋಣ' ಅಂದರೆ ಅರ್ಧರ್ಧ. ಒಬ್ಬ 'ಕದಿಯುತ್ತೇನೆ' ಅಂದರೆ ಪೂರ್ತಿ ಅವನಿಗೆ. ಇಬ್ಬರೂ ಕದ್ದರೆ ಯಾರಿಗೂ ಇಲ್ಲ. ಒಂದು ಸಲ 13,600 ಪೌಂಡ್ ಮುಂದಿತ್ತು. ಎಲ್ಲರೂ "ನಾನು ಹಂಚಿಕೊಳ್ಳುತ್ತೇನೆ" ಅಂತ ಅಂಗಲಾಚುವ ಕಡೆ ಒಬ್ಬ ನೇರವಾಗಿ ಹೇಳಿದ: ನಾನು ಕದಿಯುತ್ತೇನೆ, ಇದು ಖಚಿತ. ನೀನು ಹಂಚಿಕೋ, ಆಟ ಮುಗಿದ ಮೇಲೆ ಅರ್ಧ ಕೊಡುತ್ತೇನೆ. ಎದುರಿನವನು ಸಿಟ್ಟಾದ, ಬೈದ. ಆದರೆ ಅವನಿಗೆ ಬೇರೆ ದಾರಿ ಉಳಿಯಲಿಲ್ಲ, ಹಂಚಿಕೊಂಡ. ತೆರೆದು ನೋಡಿದರೆ ಮೊದಲನೆಯವನೂ ಹಂಚಿಕೊಂಡಿದ್ದ! ಹಣ ಅರ್ಧರ್ಧ ಆಯಿತು. ಇಬ್ಬರಿಗೂ ಒಳ್ಳೆಯದಾಗಲಿ ಅಂತಲೇ ಹೇಳಿದ ಸುಳ್ಳು ಅದು. ಇಂಥ ಸುಳ್ಳು ನಿನ್ನ ಕಥೆಯಲ್ಲಿ ಒಂದಾದರೂ ಇರಲಿ.

ಒಂದೇ ಒಂದು ಇರಲಿ ಅಂತ ಹೇಳೋದಕ್ಕೂ ಕಾರಣ ಇದೆ. ಧರ್ಮರಾಯ "ಅಶ್ವತ್ಥಾಮ ಸತ್ತ" ಅಂದಾಗ ದ್ರೋಣ ಯಾಕೆ ನಂಬಿದ? ಭೀಮ ಹೇಳಿದಾಗ ನಂಬಲಿಲ್ಲ. ಅಲ್ಲಿಯವರೆಗೆ ಒಂದೂ ಸುಳ್ಳು ಆಡದವನ ಬಾಯಿಂದ ಬಂದದ್ದಕ್ಕೆ ನಂಬಿದ. ಸುಳ್ಳಿಗೆ ಅಷ್ಟು ಬಲ ಬಂದದ್ದು ಅದರ ಹಿಂದಿನ ನಿಜಗಳಿಂದ. ಅದಕ್ಕೆ ಬೆಲೆಯನ್ನೂ ಕಥೆ ಕೇಳಿತು, ನೆಲದಿಂದ ಮೇಲೆ ಹೋಗುತ್ತಿದ್ದ ಅವನ ರಥ ನೆಲಕ್ಕೆ ಇಳಿಯಿತು. ನಿನ್ನ ನಾಯಕಿ ಮೊದಲ ಪುಟದಿಂದಲೇ ಸುಳ್ಳು ಹೇಳಿದರೆ ಕೊನೆಯ ಸುಳ್ಳಿಗೆ ಯಾರೂ ಬೀಳಲ್ಲ, ಓದುವವರೂ ಬೀಳಲ್ಲ. ಮತ್ತೆ ಅವಳು ಆ ಒಂದು ಸುಳ್ಳು ಹೇಳಿದ ಮೇಲೆ ಅವಳಿಗೆ ಏನೋ ಒಂದು ಕಡಿಮೆ ಆಗಬೇಕು. ನರ್ಸ್ ಮುಂದೆ ಯಾವತ್ತೂ ಅವಳ ಮಾತನ್ನು ಎರಡು ಸಲ ಯೋಚಿಸದೆ ಒಪ್ಪಬಾರದು. ಅದನ್ನು ಬರೆಯೋಕೆ ಧೈರ್ಯ ಬೇಕು, ನಿನಗೆ ಇದೆ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕು ಅಂದುಕೊಂಡದ್ದು. ಇಬ್ಬರು ಸಮ ಬಂದರೆ ಏನು ಅಂತ ನಿನ್ನ ನಿಯಮದಲ್ಲಿ ಎಲ್ಲೂ ಇಲ್ಲ. ಹುಡುಕಿ ಹುಡುಕಿ ನೋಡಿದೆ. "ಯಾರಿಗಿಂತಲೂ ಕೆಳಗಿಲ್ಲದವರು, ಯಾರೂ ಮೀರಿಸದವರು ಗೆದ್ದರು" ಅಂತ ಕಾವಲುಗಾರ ಓದುತ್ತಾನೆ, ಅಷ್ಟೇ. ಹಾಗಾದರೆ ಆರು ಜನವೂ ಹತ್ತೂ ರಾತ್ರಿ ಎಲ್ಲರಿಗೂ ಚಿನ್ನ ಕೊಟ್ಟರೆ? ಒಬ್ಬೊಬ್ಬರಿಗೆ 150. ಯಾರೂ ಯಾರನ್ನೂ ಮೀರಿಸಿಲ್ಲ. ಆರು ಜನರ ಸಾಲವೂ ಮನ್ನಾ ಆಗಬೇಕು. ಆಟ ಕಟ್ಟಿದವರು ಈ ಸಾಲನ್ನು ಇಷ್ಟು ಸಡಿಲ ಬಿಟ್ಟದ್ದು ಯಾಕೆ ಅಂದರೆ, ಸಾಲಗಾರರು ಹೀಗೆ ಒಟ್ಟಾಗಬಹುದು ಅನ್ನೋದು ಅವರ ತಲೆಗೇ ಬಂದಿಲ್ಲ. ನಿನ್ನ ಕಥೆಯ ನಿಜವಾದ ಎದುರಾಳಿ ಗೋದಾಮಿನ ಒಳಗೆ ಇಲ್ಲ ಪುಟ್ಟಿ, ಹೊರಗೆ ಕೂತು ನೋಡುತ್ತಿದ್ದಾನೆ. ಇದನ್ನು ನಾಯಕಿ ಐದನೆಯ ರಾತ್ರಿಗೇ ಕಂಡುಹಿಡಿದರೆ ತಡ ಆಯಿತು, ಆಗಲೇ ಅಂಕಗಳು ಏರುಪೇರು ಆಗಿರುತ್ತವೆ. ಆದರೆ ಹಿಂದೆ ಬಿದ್ದವರಿಗೆ ಮುಂದಿದ್ದವರು ಬೇಕಂತಲೇ ಸೋತು ಅಂಕ ಬಿಟ್ಟುಕೊಡಬಹುದಲ್ಲ? ನಿನ್ನೆ ಮೋಸ ಮಾಡಿದವನು ಇವತ್ತು ಗೊತ್ತಿದ್ದೂ ಚಿನ್ನ ಕೊಟ್ಟು ಕಲ್ಲು ತಗೊಳ್ಳಬೇಕು. ಆ ಸಾಲ ತೀರಿಸುವ ರಾತ್ರಿಗಳನ್ನು ನಿಧಾನವಾಗಿ ಬರೆ.

ಹತ್ತನೆಯ ರಾತ್ರಿ ಎಲ್ಲರೂ ಸಮ ಬಂದು ನಿಂತರು ಅಂತ ಇಟ್ಟುಕೋ. ಒಬ್ಬರೇ ಒಬ್ಬರು ಐವರಿಗೂ ಕಲ್ಲು ಕೊಟ್ಟರೆ ಅವರೊಬ್ಬರದೇ ಸಾಲ ಮನ್ನಾ, ಉಳಿದ ಐವರದು ಎರಡು ಪಟ್ಟು. ಆರರಲ್ಲಿ ಯಾರ ಕೈ ನಡುಗುತ್ತದೆ? ನೀನು ವ್ಯಾಪಾರಿಯನ್ನು ಕೆಟ್ಟವನನ್ನಾಗಿ ಮಾಡಿದ್ದೀಯ. ನನಗೆ ಅವನ ಮೇಲೆ ಅನುಮಾನ ಇಲ್ಲ. ಹತ್ತು ಹಳ್ಳಿಗಳಲ್ಲಿ ಮಾತು ಉಳಿಸಿಕೊಂಡು ಬದುಕಿದವನು ಅವನು, ಹೊರಗೆ ಹೋದ ಮೇಲೂ ಅವನಿಗೆ ಊರಿದೆ. ಪೊಲೀಸೂ ಅಲ್ಲ. ನನಗೆ ಭಯ ಇರೋದು ಕಾಲೇಜು ಹುಡುಗನ ಮೇಲೆ. ಅವನು ಕೆಟ್ಟವನಲ್ಲ. ಅವನಿಗೆ ಈ ಐವರಲ್ಲಿ ಯಾರನ್ನೂ ಮತ್ತೆ ನೋಡುವ ಅಗತ್ಯ ಇಲ್ಲ, ಎಲ್ಲರಿಗಿಂತ ಜಾಸ್ತಿ ಹೆದರಿರುವವನೂ ಅವನೇ. ಅವನ ಕೋಣೆಗೆ ಆ ಸಂಜೆ ಯಾರು ಹೋಗಿ ಕೂರುತ್ತಾರೆ, ಏನು ಮಾತಾಡುತ್ತಾರೆ ಅನ್ನೋದನ್ನು ನೀನು ಬರೆಯಬೇಕು. ನಾಯಕಿ ಹೋಗೋದು ಬೇಡ. ಲಾರಿ ಡ್ರೈವರ್ ಹೋಗಲಿ, ಅವನಿಗೂ ಆ ವಯಸ್ಸಿನ ಮಗ ಇದ್ದಾನೆ ಅಂತ ನೀನೇ ಬರೆದಿದ್ದೀಯ.

ಹುಡುಗ ಕೊನೆಗೆ ಏನು ಕೊಟ್ಟ ಅಂತ ಮಾತ್ರ ನನಗೆ ಫೋನಿನಲ್ಲಿ ಹೇಳಬೇಡ. ಬರೆದು ಕಳಿಸು, ಓದಿಯೇ ತಿಳಿದುಕೊಳ್ಳುತ್ತೇನೆ. ನಿಮ್ಮಪ್ಪನೂ ಓದುತ್ತೇನೆ ಅಂತ ಕಾಯುತ್ತಿದ್ದಾರೆ. ಹಳೆಯ ಪ್ರತಿ ಕೊಟ್ಟಿಲ್ಲ, ಹೊಸದು ಬಂದ ಮೇಲೆ ಕೊಡುತ್ತೇನೆ.

ಪ್ರೀತಿಯಿಂದ,
ಅಮ್ಮ